ಹೆಬ್ಬೆರಳಿನ ಆಪರೇಷನ್ ಆಯ್ತು, ಮುಂದೇನು?

ಹೆಬ್ಬೆರಳಿನ ಬುಡದ ಕೀಲು ಸವೆಯುವ ತೊಂದರೆ ನಡುವಯಸ್ಸು ದಾಟಿದ ಹೆಂಗಸರಲ್ಲಿ ಜಾಸ್ತಿ. ಮಾತ್ರೆ, ಸ್ಪ್ಲಿಂಟ್ (ಬೆರಳು ಅಲ್ಲಾಡದಂತೆ ಹಿಡಿದಿಡುವ ಪಟ್ಟಿ), ಇಂಜೆಕ್ಷನ್ ಯಾವುದಕ್ಕೂ ನೋವು ಬಗ್ಗದಿದ್ದಾಗ ಡಾಕ್ಟರು ಆಪರೇಷನ್ ಮಾತೆತ್ತುತ್ತಾರೆ. ಇದರಲ್ಲಿ ಹಳೆಯದು, ಇಂದಿಗೂ ಹೆಚ್ಚು ನಡೆಯುವುದು ಟ್ರೆಪೀಜಿಯೆಕ್ಟಮಿ. ಹೆಬ್ಬೆರಳಿನ ಬುಡದಲ್ಲಿ ಟ್ರೆಪೀಜಿಯಂ ಎಂಬ ಪುಟ್ಟ ಮೂಳೆಯಿದೆ. ಅದನ್ನೇ ತೆಗೆದುಬಿಡುತ್ತಾರೆ. ಖಾಲಿಯಾದ ಜಾಗವನ್ನು ದೇಹವೇ ಗಟ್ಟಿ ಅಂಗಾಂಶದಿಂದ ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಅದಕ್ಕೆ ತಿಂಗಳುಗಳೇ ಬೇಕು. ಚೇತರಿಕೆ ನಿಧಾನವಾಗುವುದು ಇದೇ ಕಾರಣಕ್ಕೆ.

ಆಪರೇಷನ್‌ಗೆ ಮೊದಲು

ಉಂಗುರ, ಬಳೆ ಮೊದಲೇ ತೆಗೆದಿಡಿ. ಕೈ ಊದಿಕೊಂಡ ಮೇಲೆ ಅವು ಬರುವುದಿಲ್ಲ. ನೇಲ್ ಪಾಲಿಷ್ ಬೇಡ, ರಕ್ತ ಓಡಾಡುತ್ತಿದೆಯೇ ಎಂದು ಉಗುರಿನ ಬಣ್ಣ ನೋಡುತ್ತಾರೆ. ರುಮಟಾಯ್ಡ್ ಸಂಧಿವಾತಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂದು ಡಾಕ್ಟರನ್ನು ಕೇಳಿ, ನೀವಾಗಿ ನಿಲ್ಲಿಸಬೇಡಿ. ಬಲಗೈಗೆ ಆಪರೇಷನ್ ಆದರೆ ಶೌಚ, ಸ್ನಾನ, ಊಟ ಎಲ್ಲವೂ ಎಡಗೈ ಪಾಲಿಗೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಒಂದು ವಾರ ಮುಂಚಿನಿಂದ ಚಮಚ ಹಿಡಿದು ಅಭ್ಯಾಸ ಮಾಡಿ. ಎಡಗೈಯಲ್ಲಿ ಊಟವಾ ಅಂತ ಮನೆಯ ಹಿರಿಯರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಗುಂಡಿ, ಹುಕ್ಕುಗಳ ಬಟ್ಟೆ ಬದಿಗಿಟ್ಟು ಸಡಿಲವಾದ ನೈಟಿ, ಅಂಗಿ ತೆಗೆದಿಡಿ.

ಮೊದಲ ಎರಡು ವಾರ

ತೋಳಿಗಷ್ಟೇ ಅರಿವಳಿಕೆ ಕೊಟ್ಟಿದ್ದರೆ ಕೈ ಎಷ್ಟೋ ಗಂಟೆ ಮರಗಟ್ಟಿರುತ್ತದೆ. ಆಗ ಬಿಸಿ ಪಾತ್ರೆಯ ಹತ್ತಿರ ಹೋಗಬೇಡಿ, ಸುಟ್ಟರೂ ಗೊತ್ತಾಗದು. ಜೋಮು ಪೂರ್ತಿ ಇಳಿಯುವ ಮೊದಲೇ, ಹೇಳಿದ ಹೊತ್ತಿಗೆ ನೋವಿನ ಮಾತ್ರೆ ನುಂಗಿ. ನೋವು ಏರಿದ ಮೇಲೆ ಅದನ್ನು ಇಳಿಸುವುದು ಕಷ್ಟ.

ಕೈ ಎದೆಯ ಮಟ್ಟಕ್ಕಿಂತ ಮೇಲಿರಲಿ. ಮಲಗುವಾಗ ಎರಡು ದಿಂಬು ಒಟ್ಟಿ ಅದರ ಮೇಲೆ ಇಡಿ. ಇಳಿಬಿಟ್ಟರೆ ಊತ ಬರುತ್ತದೆ, ಊತ ಬಂದರೆ ಬೆರಳುಗಳು ಬಿಗಿಯುತ್ತವೆ. ಸ್ನಾನ ಮಾಡುವಾಗ ಪ್ಲಾಸ್ಟಿಕ್ ಚೀಲ ಕಟ್ಟಿ, ಕಟ್ಟು ನೆನೆಯಬಾರದು. ಸಾಮಾನ್ಯವಾಗಿ 10ರಿಂದ 14 ದಿನದಲ್ಲಿ ಹೊಲಿಗೆ ಬಿಚ್ಚುತ್ತಾರೆ.

ಹೆಚ್ಚಿನವರು ಎಡವುವುದು ಬೇರೆ ಕಡೆ. ಮನೆಗೆ ನೋಡಲು ಬಂದವರೆಲ್ಲ "ಕೈ ಅಲ್ಲಾಡಿಸಬೇಡಿ" ಅನ್ನುತ್ತಾರೆ. ನಾವೂ ಕೊರಳಿಗೆ ಜೋಳಿಗೆ ಹಾಕಿಕೊಂಡು ಸುಮ್ನೆ ಕೂರುತ್ತೇವೆ. ವಿಶ್ರಾಂತಿ ಬೇಕಿರುವುದು ಹೆಬ್ಬೆರಳಿಗೆ, ಇಡೀ ತೋಳಿಗಲ್ಲ. ಡಾಕ್ಟರು ಬೇಡ ಎನ್ನದಿದ್ದರೆ ಮೊದಲ ದಿನದಿಂದಲೇ ಉಳಿದ ನಾಲ್ಕು ಬೆರಳುಗಳನ್ನು ಪೂರ್ತಿ ಬಿಡಿಸಿ, ಪೂರ್ತಿ ಮಡಚಿ. ಮೊಣಕೈ ಮಡಚಿ, ಭುಜ ಎತ್ತಿ ಇಳಿಸಿ. ಎಚ್ಚರವಿರುವಷ್ಟು ಹೊತ್ತೂ ಗಂಟೆಗೊಮ್ಮೆ ಮಾಡಿ. ಬಿಗಿದುಕೊಂಡ ಭುಜವನ್ನು ಆಮೇಲೆ ಸಡಿಲಿಸುವ ಪಾಡು ಹೆಬ್ಬೆರಳಿನ ನೋವಿಗಿಂತ ದೊಡ್ಡದು.

ನಾಲ್ಕರಿಂದ ಆರು ವಾರದ ನಂತರ

ಪ್ಲಾಸ್ಟರ್ ಹೋಗಿ, ಬಿಚ್ಚಿ ಹಾಕಬಹುದಾದ ಸ್ಪ್ಲಿಂಟ್ ಬರುತ್ತದೆ. ಒಬ್ಬೊಬ್ಬ ಸರ್ಜನ್ನದು ಒಂದೊಂದು ಲೆಕ್ಕ, ನಿಮ್ಮವರು ಹೇಳಿದ್ದೇ ಅಂತಿಮ. ಈಗ ಹೆಬ್ಬೆರಳಿನ ಸರದಿ. ಮೆಲ್ಲಗೆ ಹೊರಗೆ ಚಾಚುವುದು, ತುದಿಯನ್ನು ತೋರುಬೆರಳಿಗೆ ಮುಟ್ಟಿಸುವುದು, ಆಮೇಲೆ ಮಧ್ಯದ ಬೆರಳಿಗೆ, ಹೀಗೆ ಕಿರುಬೆರಳಿನ ತನಕ. ಕಿರುಬೆರಳು ಮುಟ್ಟಲು ವಾರಗಳಾದರೂ ಗಾಬರಿ ಬೇಡ, ಇನ್ನೊಂದು ಕೈಯಿಂದ ಜಗ್ಗಲೂ ಬೇಡ. ಗಾಯ ಪೂರ್ತಿ ಒಣಗಿದ್ದರೆ ಕಲೆಯ ಮೇಲೆ ಕೊಬ್ಬರಿ ಎಣ್ಣೆಯೋ ವ್ಯಾಸಲಿನ್ನೋ ಹಚ್ಚಿ, ದಿನಕ್ಕೆ ಎರಡು ಮೂರು ಸಲ ವೃತ್ತಾಕಾರದಲ್ಲಿ ತಿಕ್ಕಿ. ಕಲೆಯ ಸುತ್ತ ಜುಮ್ಮೆನ್ನುವುದು, ಮುಟ್ಟಿದರೆ ಚುರುಗುಟ್ಟುವುದು ಸಾಮಾನ್ಯ. ಅಲ್ಲಿ ಚರ್ಮದ ನರದ ಕವಲುಗಳು ಹಾದುಹೋಗುತ್ತವೆ. ನಯವಾದ ಬಟ್ಟೆಯಿಂದ ಸವರುತ್ತಿದ್ದರೆ ನಿಧಾನಕ್ಕೆ ಕಡಿಮೆಯಾಗುತ್ತದೆ.

ಮೂರು ತಿಂಗಳ ಆಸುಪಾಸು

ಮೊದಲು ನೋವು ಇಳಿಯುತ್ತದೆ, ಬಲ ಕೊನೆಗೆ ಬರುತ್ತದೆ. ಇಡೀ ಕೈಯಲ್ಲಿ ಲೋಟ ಹಿಡಿಯುವುದು ಸುಲಭ. ಚಿವುಟಿ ಹಿಡಿಯುವ ಕೆಲಸಗಳೇ ತ್ರಾಸ: ರಂಗೋಲಿ ಎಳೆಯುವುದು, ಬೀಗದಕೈ ತಿರುಗಿಸುವುದು, ಸೆರಗಿಗೆ ಪಿನ್ ಹಾಕುವುದು. ಬೆರಳ ತುದಿಗಳು ಒತ್ತಿದಾಗ ಆ ಒತ್ತಡ ಬುಡದ ಕೀಲಿನಲ್ಲಿ ಹಲವು ಪಟ್ಟು ಹೆಚ್ಚುತ್ತದೆ, ಅದಕ್ಕೇ. ಬಟ್ಟೆ ಹಿಂಡುವುದು, ತೆಂಗಿನಕಾಯಿ ತುರಿಯುವುದು, ಮುದ್ದೆ ತಿರುವುವುದು ಕೈ ವ್ಯಾಯಾಮ ಹೇಳಿಕೊಡುವ ಥೆರಪಿಸ್ಟ್ ಒಪ್ಪಿದ ಮೇಲೆಯೇ. ಪೂರ್ತಿ ಬಲ ಬರಲು ಆರು ತಿಂಗಳು, ಕೆಲವರಿಗೆ ವರ್ಷ. ಸ್ಕೂಟರ್ ಬೇಕೆಂದರೆ ಸ್ಪ್ಲಿಂಟ್ ಇಲ್ಲದೆ, ನೋವಿಲ್ಲದೆ ಬ್ರೇಕ್ ಒತ್ತಲು ಬರಬೇಕು.

ತಡಮಾಡದೆ ಡಾಕ್ಟರ ಬಳಿ ಹೋಗಿ

ಕೀವು, ಜ್ವರ, ಹಬ್ಬುತ್ತಿರುವ ಕೆಂಪು, ನೀಲಿಗಟ್ಟಿದ ಅಥವಾ ತಣ್ಣಗಾದ ಬೆರಳು, ಕೈ ಎತ್ತಿಟ್ಟರೂ ಸಡಿಲವಾಗದ ಬಿಗಿ ಪ್ಲಾಸ್ಟರ್ ಇದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ವಾರಗಳು ಕಳೆದಂತೆ ಉರಿನೋವು ಏರುತ್ತಾ, ಕೈ ಊದಿ, ಬೆವೆತು, ಚರ್ಮದ ಬಣ್ಣ ಬದಲಾದರೆ ಅದು ನರಸಂಬಂಧಿ ತೊಡಕಾಗಿರಬಹುದು. ಬೇಗ ಗುರುತಿಸಿದರೆ ಚಿಕಿತ್ಸೆಗೆ ಹೆಚ್ಚು ಬಗ್ಗುತ್ತದೆ.