ಖಾರ್ಕಿವ್ ನಾಯಿಗಳಿಗೆ ಮಲ್ಲೇಶ್ವರದಲ್ಲಿ ಒಂದು ಸಂಗೀತ ಸಂಜೆ

ಉಕ್ರೇನಿನ ಖಾರ್ಕಿವ್‌ನಂಥ ಯುದ್ಧ ನಡೆಯುವ ಊರುಗಳಲ್ಲಿ ಸಿಕ್ಕಿಹಾಕಿಕೊಂಡ ಬೀದಿನಾಯಿ, ಬೆಕ್ಕುಗಳಿಗೆ ಅಂತ ಬೆಂಗಳೂರಿನಲ್ಲಿ ಸಹಾಯಾರ್ಥ ಕಾರ್ಯಕ್ರಮ ಮಾಡುವುದು ಹೇಗೆ ಅಂತ ಈಚೆಗೆ ಕೆಲವರು ಕೇಳಿದರು. ಗಾಯಕರನ್ನು ಒಪ್ಪಿಸುವುದೇ ದೊಡ್ಡ ತಲೆನೋವು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅದು ಸುಲಭ. ಎರಡು ಫೋನ್, ಒಂದು ಕಾಫಿ, ಮುಗೀತು. ಕಷ್ಟ ಇರುವುದು ಕೂಡಿದ ದುಡ್ಡನ್ನು ಆ ದೇಶಕ್ಕೆ ಮುಟ್ಟಿಸುವುದರಲ್ಲಿ.

ನಾನು ವರ್ಷಗಳಿಂದ ಮಲ್ಲೇಶ್ವರದ ಕಡೆ ಚಿಕ್ಕಪುಟ್ಟ ಸಂಗೀತ ಕಾರ್ಯಕ್ರಮ ಮಾಡಿಸಿಕೊಂಡು ಬಂದವನು. ದಾಸರ ಪದ, ವಚನ, ತತ್ವಪದ, ಹೀಗೆ. ಪ್ರಾಣಿ ದಯಾ ಸಂಘದವನಲ್ಲ. ಅಕ್ಕನ ಮಗ ಖಾರ್ಕಿವ್‌ನಲ್ಲಿ ಮೆಡಿಕಲ್ ಓದುತ್ತಿದ್ದ, 2022ರ ಯುದ್ಧದಲ್ಲಿ ವಾಪಸ್ ಬಂದ. ಆಗ ಕರ್ನಾಟಕದ ಹುಡುಗರು ಅಲ್ಲಿ ಎಷ್ಟೊಂದು ಜನ ಇದ್ದರು ಅನ್ನುವುದು ನಿಮಗೂ ನೆನಪಿರುತ್ತದೆ. ಹಾವೇರಿ ಜಿಲ್ಲೆಯ ಹುಡುಗನೊಬ್ಬ ಅಲ್ಲೇ ಶೆಲ್ ದಾಳಿಯಲ್ಲಿ ತೀರಿಕೊಂಡ. ನಮ್ಮ ಹುಡುಗ ಬಂದ ಮೇಲೆ ಮನೆಯಲ್ಲಿ ಯುದ್ಧದ ಬಗ್ಗೆ ಬಾಯಿಬಿಟ್ಟಿದ್ದು ಕಡಿಮೆ. ಹಾಸ್ಟೆಲ್ ನಾಯಿ ಬಗ್ಗೆ ಮಾತ್ರ ಆಗಾಗ ಹೇಳುತ್ತಿದ್ದ. ಕಾರ್ಯಕ್ರಮ ಹುಟ್ಟಿದ್ದು ಅಲ್ಲಿಂದ.

ಮೊದಲು ನಮಗೆ ಹೊಳೆದದ್ದು ಎಲ್ಲರಿಗೂ ಹೊಳೆಯುವಂಥದ್ದೇ. ಟಿಕೆಟ್ ಮಾರೋಣ, ಬಂದ ದುಡ್ಡನ್ನು ಪರಿಚಯದ ಟ್ರಸ್ಟ್ ಒಂದರ ಮೂಲಕ ಕಳಿಸೋಣ. ಆಡಿಟರ್ ಹತ್ತಿರ ಹೋದೆ. ಅವರು ನಕ್ಕರು. ಇಲ್ಲಿನ ದತ್ತಿ ಟ್ರಸ್ಟುಗಳಿಗೆ ತೆರಿಗೆ ವಿನಾಯಿತಿ ಇರುವುದು ಭಾರತದ ಒಳಗೆ ಖರ್ಚು ಮಾಡುವ ಹಣಕ್ಕೆ, ಹೊರಗೆ ಖರ್ಚು ಮಾಡಬೇಕು ಅಂದರೆ ದೆಹಲಿಯಿಂದ ವಿಶೇಷ ಅನುಮತಿ ಬೇಕು, ಅದೆಲ್ಲ ನಿಮ್ಮಂಥವರಿಗೆ ಆಗುವ ಮಾತಲ್ಲ ಅಂದರು. ಸರಿ, ನನ್ನ ಖಾತೆಗೇ ಹಾಕಿಸಿಕೊಂಡು ನಾನೇ ಕಳಿಸಿದರೆ? ರಿಸರ್ವ್ ಬ್ಯಾಂಕ್ ಯೋಜನೆಯಲ್ಲಿ ಒಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ತನಕ ಹೊರದೇಶಕ್ಕೆ ಕಳಿಸಬಹುದು, ದಾನಕ್ಕೂ ಸೇರಿಸಿ. ಆದರೆ ಅದು ನಮ್ಮ ಸ್ವಂತ ದುಡ್ಡಿಗೆ. "ಊರವರ ದುಡ್ಡೆಲ್ಲ ನಿಮ್ಮ ಖಾತೆಗೆ ಬಂದರೆ ನಾಳೆ ನೋಟಿಸ್ ಬರೋದು ನಿಮಗೇ ಅಲ್ವಾ ಸಾರ್?" ಅಂದರು ಆಡಿಟರ್.

ಹಾಗಾಗಿ ಒಂದು ತೀರ್ಮಾನಕ್ಕೆ ಬಂದೆವು. ಉಕ್ರೇನಿಗೆ ಹೋಗುವ ಒಂದು ರೂಪಾಯಿಯೂ ನಮ್ಮ ಕೈ ಮುಟ್ಟಬಾರದು. ಬಂದವರೇ ತಮ್ಮ ತಮ್ಮ ಕಾರ್ಡಿನಿಂದ ಅಲ್ಲಿನ ಸಂಸ್ಥೆಗೆ ನೇರವಾಗಿ ಕೊಡಲಿ. ಟಿಕೆಟ್ ದುಡ್ಡು ಸಭಾಂಗಣ, ಸೌಂಡ್, ಪಕ್ಕವಾದ್ಯದ ಖರ್ಚಿಗೆ. ಉಳಿದರೆ ಇಲ್ಲೇ, ನಮ್ಮ ಬೀದಿನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆಗೆ.

ಈ ಕೊನೆಯ ಸಾಲು ಸುಮ್ನೆ ಸೇರಿಸಿದ್ದಲ್ಲ. "ನಮ್ಮ ಬೀದಿಯ ನಾಯಿಗಳಿಗೇ ಗತಿ ಇಲ್ಲ, ನಿಮಗೆ ಉಕ್ರೇನ್ ನಾಯಿ ಬೇಕಾ" ಅನ್ನುವ ಮಾತು ಬಂದೇ ಬರುತ್ತದೆ, ಬರಲೇಬೇಕು. 2023ರ ಪಾಲಿಕೆ ಸಮೀಕ್ಷೆಯಲ್ಲಿ ಬೆಂಗಳೂರಿನ ಬೀದಿನಾಯಿಗಳ ಅಂದಾಜು ಸುಮಾರು 2.79 ಲಕ್ಷ. ನಾಯಿ ಕಚ್ಚಿಸಿಕೊಂಡ ಮಗುವಿನ ಅಪ್ಪನ ಮುಂದೆ ನಿಂತು ಖಾರ್ಕಿವ್ ಕಥೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ರೂಪಾಯಿ ಇಲ್ಲಿಗೆ, ಕಾರ್ಡು ಅಲ್ಲಿಗೆ ಅಂತ ಎರಡು ಬೇರೆ ಬೇರೆ ಮೇಜು ಇಟ್ಟೆವು. ವಾದ ಮಾಡಲು ಬಂದವರಲ್ಲಿ ಅರ್ಧ ಜನ ಮೊದಲ ಮೇಜಿನಲ್ಲಿ ದುಡ್ಡು ಕೊಟ್ಟು ಹೋದರು.

ಇನ್ನು ಯಾವ ಸಂಸ್ಥೆಗೆ ಅನ್ನುವ ವಿಷಯ. ಇದಕ್ಕೆ ನಾವು ತುಂಬಾ ಸಮಯ ಕೊಟ್ಟೆವು, ನೀವೂ ಕೊಡಿ. ಇಂಟರ್ನೆಟ್ಟಿನಲ್ಲಿ ಪ್ರಾಣಿ ರಕ್ಷಣೆ ಹೆಸರಿನ ಮೋಸ ಜಾಸ್ತಿ. ವಿಡಿಯೋ ಮಾಡುವುದಕ್ಕೇ ಮರಿಗಳನ್ನು ಗುಂಡಿಗೆ ಹಾಕಿ ಆಮೇಲೆ ಎತ್ತುವವರಿದ್ದಾರೆ. ಒಂದು ಕಡೆಯ ಫೋಟೋವನ್ನು ಹುಡುಕಿ ನೋಡಿದರೆ ಅದು ಬೇರೆ ದೇಶದ, ಎಷ್ಟೋ ವರ್ಷ ಹಳೆಯ ಫೋಟೋ. ನಾವು ನೋಡಿದ್ದು ಇಷ್ಟು: ಆ ದೇಶದಲ್ಲೇ ನೋಂದಣಿ ಆಗಿರಬೇಕು, ಖರ್ಚಿನ ಲೆಕ್ಕವನ್ನು ಬಿಡದೆ ಎಲ್ಲರಿಗೂ ಕಾಣುವಂತೆ ಹಾಕುತ್ತಿರಬೇಕು, ಕೆಲಸದವರು ಅಲ್ಲಿನವರೇ ಆಗಿರಬೇಕು. ಮೂರನೆಯದು ನನ್ನ ಹಟ.

ಹಟಕ್ಕೆ ಕಾರಣ ಇದೆ. ಯುದ್ಧಭೂಮಿಯಿಂದ ಪ್ರಾಣಿ ರಕ್ಷಣೆ ಅಂದ ಕೂಡಲೇ ಜನರ ಕಣ್ಣಿಗೆ ಬರುವುದು ವಿಮಾನ. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಕಾಬೂಲ್ ಹಿಡಿದಾಗ ನೌಜಾದ್ ಅನ್ನುವ ಸಂಸ್ಥೆ ಕಟ್ಟಿದ ಬ್ರಿಟಿಷ್ ಮಾಜಿ ಸೈನಿಕ ಪೆನ್ ಫಾರ್ಥಿಂಗ್ ನೂರಕ್ಕೂ ಜಾಸ್ತಿ ನಾಯಿ ಬೆಕ್ಕುಗಳನ್ನು ಬಾಡಿಗೆ ವಿಮಾನದಲ್ಲಿ ಕರೆದುಕೊಂಡು ಹೋದರು. ಅದೇ ಸಂಸ್ಥೆಯ ಅಫ್ಘಾನ್ ನೌಕರರು ಆ ಹೊತ್ತಿಗೆ ಅಲ್ಲೇ ಉಳಿದರು, ಆಮೇಲೆ ಬೇರೆ ದಾರಿಯಲ್ಲಿ ದಾಟಿದರು. ಬ್ರಿಟನ್ನಿನಲ್ಲಿ ಅದರ ಜಗಳ ತಿಂಗಳುಗಟ್ಟಲೆ ನಡೆಯಿತು. ಪ್ರಾಣಿಗಳನ್ನು ಉಳಿಸಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ನಾನು ಒಂದು ಸಭೆಯ ಮುಂದೆ ಕೈಚಾಚುವಾಗ ವಿಮಾನದ ಚಿತ್ರ ತೋರಿಸಿ ಕೇಳಲು ಇಷ್ಟವಿರಲಿಲ್ಲ.

ನಿಜವಾದ ಕೆಲಸಕ್ಕೆ ಅಂಥ ಅಬ್ಬರ ಇಲ್ಲ. ಜನ ಊರು ಬಿಟ್ಟು ಓಡುವಾಗ ಸರಪಳಿ ಬಿಚ್ಚಿ ಹೋಗುತ್ತಾರೆ, ಕೆಲವರಿಗೆ ಬಿಚ್ಚಲೂ ಆಗುವುದಿಲ್ಲ. ಕೀವ್ ಹತ್ತಿರದ ಬೊರೊದ್ಯಾಂಕದ ನಾಯಿ ಆಶ್ರಯದಲ್ಲಿ 2022ರ ಮಾರ್ಚ್‌ನಲ್ಲಿ ಬೀಗ ಹಾಕಿದ ಗೂಡುಗಳೊಳಗೆ ನೂರಾರು ನಾಯಿಗಳು ಅನ್ನ ನೀರಿಲ್ಲದೆ ಸತ್ತವು. ಬೀದಿಗೆ ಬಿದ್ದ ಸಾಕುನಾಯಿಗೆ ಆಪರೇಷನ್ ಆಗಿರುವುದಿಲ್ಲ, ಮರಿ ಹಾಕುತ್ತದೆ, ರೇಬಿಸ್ ಭಯ ಏರುತ್ತದೆ. 2023ರ ಜೂನ್ 6ರಂದು ಕಖೋವ್ಕಾ ಅಣೆಕಟ್ಟು ಒಡೆದಾಗ ಖೆರ್ಸಾನ್ ಕಡೆ ದೋಣಿಯಲ್ಲಿ ಹೋಗಿ ಮಾಳಿಗೆ ಮೇಲಿಂದ ನಾಯಿಗಳನ್ನು ಇಳಿಸಿದರು. ಇವಕ್ಕೆ ಬೇಕಾಗುವುದು ವ್ಯಾನಿಗೆ ಡೀಸೆಲ್, ಒಣ ಆಹಾರ, ಬೆಕ್ಕು ಹಿಡಿಯುವ ಬೋನು, ಲಸಿಕೆ, ಅರಿವಳಿಕೆ. ಹೊರದೇಶಕ್ಕೆ ದತ್ತು ಕೊಡಬೇಕೆಂದರೂ ದಾರಿ ಉದ್ದ. ಯುರೋಪ್ ಒಕ್ಕೂಟದ ಮಾಮೂಲಿ ನಿಯಮದಲ್ಲಿ, ರೇಬಿಸ್ ಹತೋಟಿಯಲ್ಲಿದೆ ಅಂತ ಒಕ್ಕೂಟ ಮಾಡಿದ ಪಟ್ಟಿಯಲ್ಲಿ ಇಲ್ಲದ ದೇಶದ ನಾಯಿಗೆ ಮೈಕ್ರೋಚಿಪ್ ಹಾಕಿ, ಲಸಿಕೆ ಕೊಟ್ಟು, 30 ದಿನ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಮೂರು ತಿಂಗಳು ಕಾಯಬೇಕು. ಯುದ್ಧದ ಶುರುವಿನಲ್ಲಿ ಇದನ್ನು ನಿರಾಶ್ರಿತರ ಸಾಕುಪ್ರಾಣಿಗಳಿಗೆ ಸಡಿಲಿಸಿದರು. ಬೀದಿಯಿಂದ ಎತ್ತಿದ ನಾಯಿ ಆ ತಿಂಗಳುಗಳೆಲ್ಲ ಎಲ್ಲೋ ಒಂದು ಕಡೆ ಇದ್ದು ಉಣ್ಣಬೇಕಲ್ಲ, ದುಡ್ಡು ಹೋಗುವುದು ಅಲ್ಲಿಗೆ. ಇದನ್ನೇ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕುರ್ಚಿ ಕುರ್ಚಿಗೂ ಇಟ್ಟೆವು.

ಸಭಾಂಗಣದ ವಿಷಯ ಬೇಗ ಹೇಳಿಬಿಡುತ್ತೇನೆ. ಚೌಡಯ್ಯ ಹಾಲ್ ಅಂತ ಮೊದಲು ಆಸೆಪಟ್ಟೆವು. ಸಾವಿರ ಕುರ್ಚಿ ತುಂಬಿಸುವ ತಾಕತ್ತು ನಮಗೆಲ್ಲಿ. ಅರ್ಧ ಖಾಲಿ ಇರುವ ದೊಡ್ಡ ಹಾಲಿಗಿಂತ ಬಾಗಿಲಲ್ಲಿ ಜನ ನಿಂತಿರುವ ಚಿಕ್ಕ ಹಾಲ್ ಲೇಸು, ದಾನ ಕೇಳುವ ಕಾರ್ಯಕ್ರಮಕ್ಕಂತೂ. ರಾಮನವಮಿ ಸಮಯದಲ್ಲಿ ಇಟ್ಟುಕೊಳ್ಳಬೇಡಿ. ಕೋಟೆ ಹೈಸ್ಕೂಲ್ ಮೈದಾನದಿಂದ ಹಿಡಿದು ಗಲ್ಲಿ ಗಲ್ಲಿಯಲ್ಲೂ ಕಛೇರಿ, ಪಕ್ಕವಾದ್ಯದವರೇ ಸಿಗುವುದಿಲ್ಲ. ಟಿಕೆಟ್ ತಲೆಗೆ 500 ರೂಪಾಯಿ ದಾಟಿಸಬೇಡಿ, ಸಂಗೀತ ಕಾರ್ಯಕ್ರಮಕ್ಕೆ ಅಲ್ಲಿಯವರೆಗೆ ಜಿಎಸ್‌ಟಿ ಇಲ್ಲ. ದಾನಕ್ಕೆ ಮಾಡುತ್ತಿದ್ದೇವೆ ಅಂದ ಮಾತ್ರಕ್ಕೆ ಹಾಡಿನ ಹಕ್ಕುಸ್ವಾಮ್ಯ ಮಾಫಿ ಆಗುವುದಿಲ್ಲ, ಕವಿ ತೀರಿಕೊಂಡು 60 ವರ್ಷ ಆಗುವ ತನಕ ಅದು ಇರುತ್ತದೆ. ಭಾವಗೀತೆಗೆ ಲೈಸೆನ್ಸ್ ಮಾಡಿಸಬೇಕು. ನಾವು ವಚನ, ದಾಸರ ಪದ, ತತ್ವಪದಕ್ಕೆ ಅಂಟಿಕೊಂಡೆವು, ರಾಗ ಹಾಕಿದ್ದು ಹಾಡುವವರೇ.

ಸಂಭಾವನೆ ಬಗ್ಗೆ ನನಗೆ ಒಂದು ಖಡಾಖಂಡಿತ ಅಭಿಪ್ರಾಯ ಇದೆ. ಮುಖ್ಯ ಗಾಯಕರು ಬಿಟ್ಟಿ ಹಾಡಲಿ, ಅವರ ಹೆಸರು ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ. ತಬಲಾದವರಿಗೆ, ಕೊಳಲಿನವರಿಗೆ, ಸೌಂಡ್ ಹುಡುಗರಿಗೆ ಪೂರ್ತಿ ದುಡ್ಡು ಕೊಡಬೇಕು. ಅವರಿಗೆ ಆ ಸಂಜೆ ಅಂದರೆ ಆ ವಾರದ ರೇಷನ್ನು. ನಾಯಿ ಮೇಲೆ ದಯೆ ತೋರಿಸಲು ಹೋಗಿ ಮೃದಂಗದವನ ಹೊಟ್ಟೆ ಮೇಲೆ ಹೊಡೆಯುವ ಕಾರ್ಯಕ್ರಮಗಳನ್ನು ಬೇಕಾದಷ್ಟು ನೋಡಿದ್ದೇನೆ.

ವೇದಿಕೆ ಮೇಲೆ ಯಾವ ದೇಶದ ಬಾವುಟವೂ ಬೇಡ ಅಂದೆವು. ರಷ್ಯಾ ಸರಿಯೋ ಉಕ್ರೇನ್ ಸರಿಯೋ ಅಂತ ನಮ್ಮ ಮಲ್ಲೇಶ್ವರದಲ್ಲಿ ಬೆಳಗಿನ ವಾಕಿಂಗ್‌ನಲ್ಲೇ ಕಿತ್ತಾಡುವವರಿದ್ದಾರೆ, ಅದಕ್ಕೆ ಟಿಕೆಟ್ ಬೇಕಿಲ್ಲ. ಗಾಯದ ಫೋಟೋಗಳೂ ಬೇಡ. ಇದು ಅಕ್ಕನ ಮಗನ ಮಾತು. "ಮಾಮ, ರಕ್ತ ತೋರಿಸಿದ್ರೆ ಜನ ಕಣ್ಣು ಮುಚ್ಕೋತಾರೆ. ನಾನೇ ಎರಡು ಮಾತು ಹೇಳ್ತೀನಿ."

ಕಾರ್ಯಕ್ರಮದ ನಡುವೆ ಅವನು ಎದ್ದು ನಿಂತು ಹೇಳಿದ್ದು ಇಷ್ಟೇ. ಹಾಸ್ಟೆಲ್ ಬಾಗಿಲಲ್ಲಿ ಬಿಳಿ ನಾಯಿ ಇತ್ತು, ಒಂದು ಕಿವಿ ಮಾತ್ರ ಕಂದು. ಕರ್ನಾಟಕದ ಹುಡುಗರು ಅದಕ್ಕೆ ರಾಜ ಅಂತ ಹೆಸರಿಟ್ಟು ಚಪಾತಿ ತಿನ್ನುವುದನ್ನು ಕಲಿಸಿದ್ದರು. ಬಾಂಬ್ ಬೀಳಲು ಶುರುವಾದಾಗ ಅದೂ ನೆಲಮಾಳಿಗೆಗೆ ಇಳಿಯಿತು. ಮಾರ್ಚ್ 2ಕ್ಕೆ ಈಗಲೇ ಖಾರ್ಕಿವ್ ಬಿಡಿ, ವಾಹನ ಸಿಗದಿದ್ದರೆ ನಡೆದಾದರೂ ಹೋಗಿ ಅಂತ ರಾಯಭಾರ ಕಚೇರಿ ಹೇಳಿತು. ಹತ್ತಿರದ ಪಿಸೋಚಿನ್ ಅನ್ನುವ ಊರಿನ ಕಡೆ ಇವರೆಲ್ಲ ಹಿಮದಲ್ಲಿ ನಡೆದರು. ರಾಜ ಸ್ವಲ್ಪ ದೂರ ಬಂತು, ಒಂದು ಸೇತುವೆ ಹತ್ತಿರ ಇನ್ನೊಂದು ಸದ್ದಿಗೆ ಹೆದರಿ ಹಿಂದಕ್ಕೆ ಓಡಿತು. "ಕರೆದೆ. ಬರಲಿಲ್ಲ. ನಿಲ್ಲೋಕೆ ಆಗಲಿಲ್ಲ." ಅಷ್ಟು ಹೇಳಿ ಕೂತ. ನಿರೂಪಕಿ ಏನೋ ಸೇರಿಸಲು ಹೊರಟಿದ್ದರು, ನಾನು ಬೇಡ ಅಂತ ಕೈ ಆಡಿಸಿದೆ. ತಂಬೂರಿ ಶ್ರುತಿ ಶುರುವಾಯಿತು, ಗಾಯಕಿ ತತ್ವಪದ ಎತ್ತಿಕೊಂಡರು.

ದುಡ್ಡು ಬಂದಿದ್ದು ಅದರ ನಂತರ, ಕಾರ್ಡಿನ ಮೇಜಿನಲ್ಲಿ. ಅಲ್ಲೇ ನೋಡಿ ನಿಜವಾದ ಕೆಲಸ. ಕ್ಯೂಆರ್ ಕೋಡ್ ಅಂಟಿಸಿದ್ದೆವು, ಸ್ಕ್ಯಾನ್ ಮಾಡಿದರೆ ನೇರ ಆ ಸಂಸ್ಥೆಯ ಪುಟ ತೆರೆಯುತ್ತದೆ. ನಮ್ಮ ಜನಕ್ಕೆ ಕ್ಯೂಆರ್ ಅಂದರೆ ಯುಪಿಐ. ಫೋನ್‌ಪೇ ತೆಗೆದು ಸ್ಕ್ಯಾನ್ ಮಾಡಿ, ಆಗ್ತಿಲ್ಲ ಆಗ್ತಿಲ್ಲ ಅಂತ ಒಬ್ಬರಾದ ಮೇಲೆ ಒಬ್ಬರು. ಕಾರ್ಡ್ ನಂಬರ್ ಹಾಕಿದರೆ ತಿರಸ್ಕೃತ. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳಲ್ಲಿ ಹೊರದೇಶದ ವಹಿವಾಟು ಮೊದಲಿನಿಂದಲೇ ಬಂದ್ ಇರುತ್ತದೆ, ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ತೆರೆಯಬೇಕು. ಇದು ನಮಗೆ ಮೊದಲೇ ಗೊತ್ತಿತ್ತು, ಅದಕ್ಕೇ ಇಬ್ಬರು ಕಾಲೇಜು ಹುಡುಗಿಯರನ್ನು ಕೂರಿಸಿದ್ದೆವು. ಅವರ ಕೆಲಸ ಒಂದೇ: ಯಾವ ಬ್ಯಾಂಕಿನ ಆ್ಯಪ್‌ನಲ್ಲಿ ಆ ಬಟನ್ ಎಲ್ಲಿದೆ ಅಂತ ತೋರಿಸುವುದು, ಮಿತಿಯನ್ನು ಕೊಡಬೇಕಾದಷ್ಟಕ್ಕೇ ಇಡಿಸುವುದು, ದುಡ್ಡು ಹೋದ ಕೂಡಲೇ ಮತ್ತೆ ಬಂದ್ ಮಾಡಿಸುವುದು. ಕಾರ್ಡನ್ನು ಮಾತ್ರ ಅವರು ಮುಟ್ಟಬಾರದು, ನಂಬರ್ ಓದಿ ಹೇಳಿಸಿಕೊಳ್ಳಬಾರದು. ಇದನ್ನು ಬೋರ್ಡ್ ಬರೆದು ಹಾಕಿದ್ದೆವು.

ಆಮೇಲೆ ಇನ್ನೊಂದು ಗಾಬರಿ. ವಿದೇಶದ ಪುಟಗಳು ಎಷ್ಟೋ ಸಲ ಓಟಿಪಿ ಕೇಳುವುದಿಲ್ಲ. ಯಜಮಾನರೊಬ್ಬರು ಬೆವೆತುಹೋದರು. "ಏನಮ್ಮ, ಓಟಿಪಿನೇ ಬರ್ಲಿಲ್ಲ, ದುಡ್ಡು ಕಟ್ ಆಯ್ತು!" ಹುಡುಗಿ ಪಕ್ಕಕ್ಕೆ ಕರೆದು ಕೂರಿಸಿ, ಅವರ ಇಮೇಲಿಗೆ ಬಂದ ರಸೀದಿ ತೋರಿಸಿ, ಕಾರ್ಡಿನ ವಿದೇಶಿ ವಹಿವಾಟು ಬಂದ್ ಮಾಡಿಸಿ, ನೀರು ಕೊಟ್ಟು ಕಳಿಸಿದಳು. ಬ್ಯಾಂಕು ಕರೆನ್ಸಿ ಬದಲಾವಣೆಗೆ ಮೇಲೆ ಒಂದಿಷ್ಟು ಹಿಡಿಯುತ್ತದೆ ಅನ್ನುವುದನ್ನೂ ಮೊದಲೇ ಹೇಳಿ. 500 ಕೊಟ್ಟವರಿಗೆ 515ಕ್ಕೂ ಜಾಸ್ತಿ ಕಟ್ ಆದರೆ ನಾಳೆ ಫೋನ್ ಬರುವುದು ನಿಮಗೆ.

ನೋಟು ಹಿಡಿದು "ಡಬ್ಬಿ ಎಲ್ಲಪ್ಪಾ" ಅಂತ ಹುಡುಕುವ ಅಜ್ಜಿಯರು ಎಲ್ಲ ಕಾರ್ಯಕ್ರಮದಲ್ಲೂ ಇರುತ್ತಾರೆ. ಅವರನ್ನು ಊರ ನಾಯಿಗಳ ಮೇಜಿಗೆ ಕಳಿಸಿ. ಅಲ್ಲಿ ಇಲ್ಲಿನ ಟ್ರಸ್ಟಿನವರೇ ಕೂತು ರಸೀದಿ ಬರೆಯಬೇಕು, ನಾವಲ್ಲ. 2,000 ರೂಪಾಯಿ ಮೀರಿದ ನಗದಿಗೆ, ಜನ 80ಜಿ ಅನ್ನುವ, ದಾನ ಕೊಟ್ಟವರಿಗೆ ಸಿಗುವ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಅದನ್ನೂ ಹೇಳಬೇಕು. ಉಕ್ರೇನಿಗೆ ಕೊಟ್ಟದ್ದಕ್ಕಂತೂ 80ಜಿ ಇಲ್ಲವೇ ಇಲ್ಲ. ಎಷ್ಟು ಸಲ ಹೇಳಿದರೂ ಮಾರ್ಚ್ ಬಂದ ಕೂಡಲೇ ಯಾರಾದರೂ ಕೇಳುತ್ತಾರೆ. ಹಾಗಾಗಿ ಟಿಕೆಟ್ಟಿನ ಹಿಂದೆಯೇ ಅಚ್ಚು ಹಾಕಿಸಿಬಿಡಿ, ದಪ್ಪಕ್ಷರದಲ್ಲಿ, ಗಾಯಕರ ಹೆಸರಿನಷ್ಟೇ ದಪ್ಪ ಇರಲಿ.