ಕಕ್ಕಡದ ಮಳೆಯಲ್ಲಿ ಹಾವಿನ ಮರಿ

ರಾತ್ರಿ ಹನ್ನೊಂದಕ್ಕೆ ಗಾಜಿನ ಪೆಟ್ಟಿಗೆಯಿಂದ ಸರಸರ ಸದ್ದು. ಟಾರ್ಚ್ ಬಿಟ್ಟು ನೋಡಿದರೆ ಮರಿ ಗಾಜಿಗೆ ಮೂಗು ಒತ್ತಿಕೊಂಡು ಈ ಮೂಲೆಯಿಂದ ಆ ಮೂಲೆಗೆ ಹರಿದಾಡುತ್ತಿತ್ತು. ಎರಡು ರಾತ್ರಿಯಿಂದ ಇದೇ ಕತೆ. "ಹೊಟ್ಟೆ ಹಸಿದಿರ್ಬೇಕು ಮಗಾ, ಏನಾದ್ರೂ ಹಾಕು" ಅಂದಳು ಅವ್ವ. ಹಾವು ತಂದ ದಿನ ಮನೆ ಬಿಟ್ಟು ಹೋಗ್ತೀನಿ ಅಂದಿದ್ದವಳು ಇವಳೇ! ನನಗೂ ಹಸಿವು ಅಂತಲೇ ಅನ್ನಿಸಿತು. ಇಲಿ ಕೊಟ್ಟೆ. ಗಬಕ್ಕನೆ ಹಿಡಿದು ನುಂಗಿತು.

ಮೂರನೇ ದಿನ ಮುಚ್ಚಳ ತೆಗೆದರೆ ಕೊಳೆತ ವಾಸನೆ. ನುಂಗಿದ್ದ ಇಲಿಯನ್ನು ಕಕ್ಕಿ ಹಾಕಿತ್ತು. ಕೂದಲು ಅರ್ಧ ಉದುರಿ, ಮೈತುಂಬ ಲೋಳೆ ಮೆತ್ತಿಕೊಂಡು, ಉದ್ದಕ್ಕೆ ಎಳೆದ ಹಾಗೆ. ಆಮೇಲೆ ಥರ್ಮಾಮೀಟರ್ ನೋಡಿದೆ. ಬೆಚ್ಚಗಿರಬೇಕಾದ ಮೂಲೆಯಲ್ಲೇ 21 ಡಿಗ್ರಿ.

ನಮ್ಮದು ಕೊಡಗಿನ ಸೋಮವಾರಪೇಟೆ ಕಡೆ ಕಾಫಿ ತೋಟ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆ ತಿಂಗಳಲ್ಲಿ, ಇಲ್ಲಿ ಹೇಗಿರುತ್ತೆ ಗೊತ್ತಲ್ವಾ? ಬಟ್ಟೆ ಒಣಗಲ್ಲ. ಎಲ್ಲೋ ಒಂದು ಮರ ಲೈನ್ ಮೇಲೆ ಬಿದ್ದರೆ ಎರಡು ಮೂರು ದಿನ ಕರೆಂಟ್ ಇಲ್ಲ. ಇನ್ವರ್ಟರ್‌ನಿಂದ ಲೈಟಿಗೆ ಮಾತ್ರ ಕನೆಕ್ಷನ್ ಕೊಟ್ಟಿದ್ದೆ. ಹಾವಿನ ಪೆಟ್ಟಿಗೆ ಬೆಚ್ಚಗಿಡುವ ಹೀಟ್ ಮ್ಯಾಟ್ ತಣ್ಣಗೆ ಬಿದ್ದಿತ್ತು.

ನನ್ನದು ಬಾಲ್ ಪೈಥಾನ್, ಆಫ್ರಿಕಾದ ಹೆಬ್ಬಾವು. ಅದಕ್ಕೆ ಪೆಟ್ಟಿಗೆಯ ಒಂದು ಬದಿ 31-32 ಡಿಗ್ರಿ, ಇನ್ನೊಂದು ಬದಿ 25-26 ಇರಬೇಕು. ಮೈ ಬೆಚ್ಚಗಾಗದಿದ್ದರೆ ನುಂಗಿದ್ದು ಕರಗಲ್ಲ, ಹೊಟ್ಟೆಯಲ್ಲೇ ಕೊಳೆಯುತ್ತೆ. ಪಾಪ, ಅದು ಬಿಸಿ ಜಾಗ ಹುಡುಕುತ್ತಿತ್ತು. ನಾನು ಊಟ ಬಡಿಸಿದೆ.

ಎರಡು ವಾರ ಬರೀ ನೀರು. ಕೈಗೂ ಎತ್ತಿಕೊಳ್ಳಲಿಲ್ಲ. ಮ್ಯಾಟು, ಅದರ ಬಿಸಿ ಹದದಲ್ಲಿಡುವ ಥರ್ಮೋಸ್ಟಾಟು ಎರಡನ್ನೂ ಇನ್ವರ್ಟರ್‌ಗೆ ಹಾಕಿಸಿದೆ. ಅದೂ ಖಾಲಿಯಾದರೆ ಬಚ್ಚಲ ಹಂಡೆಯ ಬಿಸಿನೀರು ಬಾಟಲಿಗೆ ತುಂಬಿ, ಟವೆಲ್ ಸುತ್ತಿ, ಗಾಜಿಗೆ ಹೊರಗಿನಿಂದ ಒತ್ತಿ ಇಡುತ್ತೇನೆ. ಆಮೇಲೆ ಮೊದಲಿನ ಅರ್ಧದಷ್ಟು ಇಲಿಮರಿಯಿಂದ ಶುರು ಮಾಡಿದೆ. ಈ ಸಲ ಒಳಗೇ ಉಳಿಯಿತು.

ಈಗ ಮರಿ 140 ಗ್ರಾಂ ಇದೆ. ವಾರಕ್ಕೊಂದು, ಸುಮಾರು 14 ಗ್ರಾಂ ಇಲಿ. ಹಾವಿನ ಮೈ ಎಲ್ಲಿ ಜಾಸ್ತಿ ದಪ್ಪವೋ ಅಷ್ಟೇ ದಪ್ಪ. ಫ್ರೀಜರ್‌ನಲ್ಲಿಟ್ಟ ಇಲಿಯನ್ನು ಬೆಳಿಗ್ಗೆ ಫ್ರಿಜ್‌ನ ಕೆಳಗಿನ ತಟ್ಟೆಗೆ ಇಳಿಸುತ್ತೇನೆ. (ಅದಕ್ಕೆ ಬೇರೆ ಡಬ್ಬ, ಅದರ ಮೇಲೆ ಇನ್ನೊಂದು ಡಬ್ಬ. ಅವ್ವನ ಕಂಡೀಷನ್.) ಸಂಜೆ ಜಿಪ್ ಕವರ್‌ಗೆ ಹಾಕಿ ಬಿಸಿನೀರಲ್ಲಿ ಮುಳುಗಿಸಿ, ಹೊಟ್ಟೆ ಒತ್ತಿ ನೋಡುತ್ತೇನೆ. ಒಳಗೆ ಗಟ್ಟಿ ಸಿಕ್ಕರೆ ಇನ್ನೂ ಮಂಜುಗಡ್ಡೆ ಇದೆ ಅಂತ. ಒರೆಸಿ, ಉದ್ದ ಇಕ್ಕಳದಲ್ಲಿ ಹಿಡಿದು ಮುಂದೆ ಆಡಿಸಬೇಕು. ಇದರ ತುಟಿಯ ಮೇಲಿನ ಗುಳಿಗಳಿಗೆ ಬಿಸಿ ಗೊತ್ತಾಗುತ್ತೆ, ತಣ್ಣಗಿನ ಇಲಿಯನ್ನು ಎಷ್ಟೋ ಸಲ ಮೂಸಿ ಬಿಟ್ಟಿದೆ. ತಿಂದ ಮೇಲೆ ಎರಡು ದಿನ ಮುಟ್ಟಲ್ಲ. ತೋಟದ ಇಲಿ ಕೊಡಲೇಬಾರದು. ಹುಳ ಇರುತ್ತೆ, ಪಕ್ಕದ ತೋಟದಲ್ಲಿ ಪಾಷಾಣ ತಿಂದಿದ್ದರೆ ಹಾವೂ ಹೋಯಿತು. ಜೀವಂತ ಇಲಿ ತಿರುಗಿ ಕಚ್ಚುತ್ತೆ.

ಬಿಸಿ ಸರಿಯಾದ ಮೇಲೂ ಓಡಾಟ ಪೂರ್ತಿ ನಿಲ್ಲಲಿಲ್ಲ. ನಾಲ್ಕೂ ಕಡೆ ಗಾಜು, ಒಳಗೆ ದೊಡ್ಡ ಮಡಕೆ ಒಂದೇ. ಮೂರು ಕಡೆ ಕಪ್ಪು ಚಾರ್ಟ್ ಅಂಟಿಸಿದೆ. ತೆಂಗಿನ ಚಿಪ್ಪಿನ ಅಂಚು ಉಜ್ಜಿ, ಒಂದು ಕಡೆ ಬಾಗಿಲು ಕೊರೆದು, ಬಿಸಿ ಬದಿಗೊಂದು ತಂಪು ಬದಿಗೊಂದು ಬೋರಲು ಹಾಕಿದೆ. ಅವತ್ತು ರಾತ್ರಿಯೇ ಒಳಗೆ ಹೋಗಿ ಸುತ್ತಿಕೊಂಡಿತು. ಸುತ್ತಲೂ ಮೈಗೆ ತಾಗುವಷ್ಟು ಇಕ್ಕಟ್ಟು ಇರಬೇಕು ಇದಕ್ಕೆ, ಅಷ್ಟೇ.

ಹಸಿದಾಗ ಓಡಾಡುವುದಿಲ್ಲ ಅಂತಲ್ಲ. ಆದರೆ ಇದು ಹೊಂಚು ಹಾಕುವ ಹಾವು. ಚಿಪ್ಪಿನ ಬಾಗಿಲಲ್ಲಿ ತಲೆ ಇಟ್ಟು, ಕತ್ತು ಮಡಚಿ, ಅಲ್ಲಾಡದೆ ಕೂತಿತು ಅಂದರೆ ಇಲಿ ಕಾಯುತ್ತಿದೆ. ಕಣ್ಣು ಹಾಲಿನ ಹಾಗೆ ಮಂಜಾದರೆ ಪೊರೆ ಬಿಡುವ ಹೊತ್ತು, ಆಗ ಕೊಡಲ್ಲ.

ಇದನ್ನು ನೋಡಿ "ನಮ್ಮ ತೋಟದ ಕೇರೆ ಹಾವೂ ಸಾಕಬಹುದಾ?" ಅಂತ ಕೇಳುವವರಿದ್ದಾರೆ. ಬೇಡ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ನನ್ನದು ಬಿಲ್ ಸಮೇತ ತಂದದ್ದು, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿದ್ದೇನೆ.

ಮೊನ್ನೆ ಶನಿವಾರ ಚಿಪ್ಪಿನ ಬಾಗಿಲಲ್ಲಿ ತಲೆ ಕಾಣಿಸಿತು. ಇಲಿ ಕರಗಿಸಿ ಇಕ್ಕಳ ಕೈಗೆ ತೆಗೆದುಕೊಂಡೆ. ಯಾಕೋ ಥರ್ಮಾಮೀಟರ್ ನೋಡಿದರೆ 25. ಬಿಸಿ ಬದಿಯಲ್ಲಿ! ಮ್ಯಾಟಿನ ಪ್ಲಗ್ ಸಡಿಲವಾಗಿತ್ತು. ಕರಗಿದ್ದನ್ನು ಮತ್ತೆ ಫ್ರೀಜರ್‌ಗೆ ಹಾಕುವ ಹಾಗಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿ ಮುಚ್ಚಿ ಬಂದೆ. "ದುಡ್ಡು ಕೊಟ್ಟು ತಂದ ಇಲಿ ಅಲ್ವಾ?" ಅಂದಳು ಅವ್ವ.