ಒಂದೇ ಗೇರಿನ ಸೈಕಲ್ಲಿಗೆ ಅಳತೆ ತೆಗೆಯುವುದು

ನನ್ನ ಕಸುಬು ಬಟ್ಟೆ ಹೊಲಿಯುವುದು. ಇಪ್ಪತ್ತೆಂಟು ವರ್ಷ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಓಡಾಡಿದ್ದೇನೆ. ಹಾಗಿದ್ದೂ ಒಂದೇ ಗೇರಿನ ಮೊದಲ ಸೈಕಲ್ ಕೊಳ್ಳುವ ದಿನ ಆ ಟೇಪು ಕೊರಳಲ್ಲೇ ಉಳಿಯಿತು. ಬಣ್ಣ ನೋಡಿ ಕೊಂಡೆ. ಸಾಸಿವೆ ಹೂವಿನ ಹಳದಿ. ಇಪ್ಪತ್ತು ನಿಮಿಷ ತುಳಿದರೆ ಅಂಗೈ ಜೋಮು ಹಿಡಿಯುತ್ತಿತ್ತು, ಕತ್ತು ಬಿಗಿಯುತ್ತಿತ್ತು. ಹ್ಯಾಂಡಲ್ ಎತ್ತರಿಸೋಣವೆಂದರೆ ಅದು ಕೂರುವ ಕೊಳವೆಯನ್ನು, ಅಂದರೆ ಮುಂಚಕ್ರ ಹಿಡಿಯುವ ಫೋರ್ಕಿನ ಮೇಲ್ಗೊಳವೆಯನ್ನು, ಯಾರೋ ಮೊದಲೇ ಗಿಡ್ಡಕ್ಕೆ ಕತ್ತರಿಸಿದ್ದರು. ಹೊಲಿಗೆ ಬಿಚ್ಚಬಹುದು, ಕತ್ತರಿ ಹಾಕಿದ ಬಟ್ಟೆ ಬೆಳೆಯುವುದಿಲ್ಲ ಎಂದು ಗಿರಾಕಿಗಳಿಗೆ ದಿನವೂ ಹೇಳುವವನು ನಾನೇ.

ಕಡಿಮೆ ದುಡ್ಡಿನಲ್ಲಿ ಸೈಕಲ್ ಹುಡುಕುವವರಿಗೂ ಅದೇ ಲೆಕ್ಕ ಹೇಳುತ್ತೇನೆ. ಸೀಟು, ಹ್ಯಾಂಡಲ್, ಪೆಡಲ್, ಟೈರು, ಹಿಂದಿನ ಹಲ್ಲುಚಕ್ರ ಇವೆಲ್ಲ ಬಿಚ್ಚಿ ಹೊಲಿಯಬಹುದಾದವು. ಫ್ರೇಮಿನ ಉದ್ದ ಮತ್ತು ಎತ್ತರ, ಟೈರಿಗೆ ಬಿಟ್ಟ ಜಾಗ, ಹಿಂಚಕ್ರದ ಆಕ್ಸಲ್ ಕೂರುವ ಸೀಳು, ಬ್ರೇಕಿಗೆ ಬೇಕಾದ ತೂತು ಇವು ಕತ್ತರಿ ಬಿದ್ದಾಗಿರುವಂಥವು. ಕೈಯಲ್ಲಿರುವ ಹಣದಲ್ಲಿ ಹತ್ತಕ್ಕೆ ಎರಡು ಪಾಲು ಮೊದಲ ಗುಂಪಿಗೆ ಎತ್ತಿಡಿ, ಉಳಿದದ್ದರಲ್ಲಿ ಎರಡನೆಯ ಗುಂಪು ಸರಿಯಿರುವ ಸೈಕಲ್ ಕೊಳ್ಳಿ. ಸೀಟು ಹರಿದಿದ್ದರೂ ಚಿಂತೆಯಿಲ್ಲ.

ಅಳತೆ ಮನೆಯಲ್ಲೇ ಶುರುವಾಗಬೇಕು. ಬರಿಗಾಲಿನಲ್ಲಿ ಗೋಡೆಗೆ ಒರಗಿ ನಿಂತು, ದಪ್ಪನೆಯ ಪುಸ್ತಕವೊಂದನ್ನು ತೊಡೆಗಳ ಸಂದಿಗೆ ಸೀಟಿನಂತೆ ಬಿಗಿಯಾಗಿ ಮೇಲಕ್ಕೆ ಒತ್ತಿಹಿಡಿಯಿರಿ. ಅದರ ಮೇಲಂಚಿನಿಂದ ನೆಲದವರೆಗೆ ಇನ್ನೊಬ್ಬರು ಅಳೆಯಲಿ. ನನ್ನದನ್ನು ಮಗಳು ಅಳೆದಳು, 77 ಸೆಂಟಿಮೀಟರ್. ಪ್ಯಾಂಟಿನ ಒಳ ಅಳತೆಗಿಂತ ಇದು ಹೆಚ್ಚು ಬರುತ್ತದೆ, ಆದ್ದರಿಂದ ಪ್ಯಾಂಟಿನ ಅಳತೆಯನ್ನು ಇಲ್ಲಿಗೆ ತರಬೇಡಿ. ಈ ಸಂಖ್ಯೆಯನ್ನು 0.883ರಿಂದ ಗುಣಿಸಿದರೆ, ಪೆಡಲಿನ ತೋಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈವರೆಗಿನ ಎತ್ತರ ಸುಮಾರಾಗಿ ಸಿಗುತ್ತದೆ, ನನಗೆ 68. ಗುಣಾಕಾರ ಬೇಡವೆನ್ನುವವರು ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಡಲಿ. ಕಾಲು ನೇರವಾಗಬೇಕು, ಸೊಂಟ ವಾಲಬಾರದು. ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತಾನಾಗಿಯೇ ತುಸು ಬಾಗಿರುತ್ತದೆ. ಇನ್ನು ಸೈಕಲ್ಲನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡಾಗ ಮೇಲಿನ ಕೊಳವೆಗೂ ನಿಮಗೂ ಮೂರು ಸೆಂಟಿಮೀಟರಾದರೂ ಅಂತರವಿರಲಿ.

ಸೀಟಿನ ಎತ್ತರವನ್ನು ಎಲ್ಲರೂ ಹೊಂದಿಸುತ್ತಾರೆ. ಜನ ಎಡವುವುದು ಮುಂದಕ್ಕೆ ಎಷ್ಟು ಬಾಗಬೇಕು ಎನ್ನುವಲ್ಲಿ. ತಯಾರಕರು ಕೊಡುವ ಅಳತೆಗಳಲ್ಲಿ ಸ್ಟ್ಯಾಕ್ ಮತ್ತು ರೀಚ್ ಎಂಬ ಎರಡನ್ನು ಹುಡುಕಿ. ಪೆಡಲಿನ ಅಚ್ಚಿನಿಂದ ಫ್ರೇಮಿನ ಮುಂದಲೆಯ (ಫೋರ್ಕಿನ ಕೊಳವೆ ತೂರುವ ಭಾಗದ) ಮೇಲ್ತುದಿ ನೇರ ಮೇಲಕ್ಕೆ ಎಷ್ಟಿದೆ ಎನ್ನುವುದು ಸ್ಟ್ಯಾಕ್. ಅಡ್ಡಲಾಗಿ ಮುಂದಕ್ಕೆ ಎಷ್ಟಿದೆ ಎನ್ನುವುದು ರೀಚ್. ನನ್ನ ಹಳದಿ ಸೈಕಲ್ಲಿಗೆ ಇವು 515 ಮತ್ತು 390 ಮಿಲಿಮೀಟರ್. ಭಾಗಿಸಿದರೆ 1.32, ಅಂದರೆ ಉದ್ದ ಹೆಚ್ಚು, ಎತ್ತರ ಕಡಿಮೆ. ನನ್ನ ಈಗಿನ ಸೈಕಲ್ಲಿಗೆ 560 ಮತ್ತು 375, ಸುಮಾರು 1.5. ಬೆನ್ನು ಅಷ್ಟು ಬಾಗದೆ ಓಡಿಸಬೇಕೆನ್ನುವವರು 1.5ರ ಆಸುಪಾಸಿನದನ್ನೇ ಹುಡುಕಲಿ. ಒಂದು ಎಚ್ಚರಿಕೆ: ಈ ಹೋಲಿಕೆ ಬಾಗಿದ ರೇಸ್ ಹ್ಯಾಂಡಲ್ ಇರುವ ಫ್ರೇಮುಗಳದ್ದು. ನೇರ ಹ್ಯಾಂಡಲಿಗೆಂದೇ ಮಾಡಿದ ಫ್ರೇಮಿನ ರೀಚ್ ಹೆಚ್ಚಿರುವುದು ಸಹಜ, ಏಕೆಂದರೆ ರೇಸ್ ಹ್ಯಾಂಡಲ್ ಕೈಗಳನ್ನು ಇನ್ನೂ ಮುಂದಕ್ಕೆ ಎಳೆಯುತ್ತದೆ, ನೇರ ಹ್ಯಾಂಡಲ್ ಎಳೆಯುವುದಿಲ್ಲ. ಅಳತೆಗಳೇ ಸಿಗದ ಹಳೆಯ ಸೈಕಲ್ ಆದರೆ ಟೇಪು ಹಿಡಿದು ನೀವೇ ಅಳೆಯಿರಿ, ನಾಚಿಕೆಯ ಕೆಲಸವೇನಲ್ಲ.

ಹೊಸದನ್ನು ಕೊಳ್ಳುವಾಗ ಫೋರ್ಕಿನ ಕೊಳವೆಯನ್ನು ಕತ್ತರಿಸದಂತೆ ಹೇಳಿ, ಉಂಗುರಗಳನ್ನು ಪೇರಿಸಿ ಹ್ಯಾಂಡಲನ್ನು ಎತ್ತರದಲ್ಲೇ ಕೂರಿಸಿಕೊಳ್ಳಿ. ತಿಂಗಳು ಕಳೆದ ಮೇಲೆ ಇಳಿಸಬೇಕೆನಿಸಿದರೆ ಇಳಿಸಬಹುದು.

ಒಂದೇ ಗೇರಿನ ಅಗ್ಗದ ಸೈಕಲ್ಲುಗಳಲ್ಲಿ ಎಷ್ಟೋ ಟ್ರ್ಯಾಕ್ ಸೈಕಲ್ಲಿನ, ಅಂದರೆ ನುಣುಪಾದ ಸ್ಪರ್ಧಾಂಗಣದಲ್ಲಿ ಓಡಿಸುವ ಸೈಕಲ್ಲಿನ, ನಕಲುಗಳು. ಟ್ರ್ಯಾಕಿನಲ್ಲಿ ಹೊಂಡವಿಲ್ಲ, ತಟ್ಟನೆ ತಿರುಗಬೇಕಾದ ಓಣಿಯೂ ಇಲ್ಲ; ಅಲ್ಲಿಗೆ ಒಪ್ಪುವ ಗಿಡ್ಡ, ಕಡಿದಾದ ಫ್ರೇಮು ಬೀದಿಯಲ್ಲಿ ಮೈ ಕುಲುಕಿಸುತ್ತದೆ. ಮುಂದಲೆ ನೆಲಕ್ಕೆ ಮಾಡುವ ಕೋನ 74ರ ಬದಲು 72 ಡಿಗ್ರಿಯ ಹತ್ತಿರವಿರಲಿ. ಪೆಡಲಿನ ಅಚ್ಚಿನಿಂದ ಹಿಂದಿನ ಆಕ್ಸಲ್‌ವರೆಗಿನ ಉದ್ದ 400 ಮಿಲಿಮೀಟರಿಗಿಂತ 425–440ರಷ್ಟಿದ್ದರೆ ಹಿಂಚಕ್ರದ ಏಟು ನೇರವಾಗಿ ಬೆನ್ನಿಗೆ ಬರುವುದಿಲ್ಲ. ಮತ್ತೊಂದು ಪರೀಕ್ಷೆ ನಿಂತಲ್ಲೇ ಮಾಡಬಹುದು: ಪೆಡಲನ್ನು ಮುಂದಕ್ಕೆ ಅಡ್ಡವಾಗಿಟ್ಟು, ಅದರ ಮೇಲೆ ಪಾದವಿಟ್ಟು ಹ್ಯಾಂಡಲ್ ತಿರುಗಿಸಿ. ಬೂಟಿನ ತುದಿ ಚಕ್ರಕ್ಕೆ ತಗಲುತ್ತದೆಯೇ? ಹಳದಿಯದರಲ್ಲಿ ತಗಲುತ್ತಿತ್ತು, ನಡಿಗೆಯ ವೇಗದಲ್ಲಿ ತಿರುಗುವಾಗ ಮೊಣಕೈ ತರಚಿಕೊಂಡ ಮೇಲೆ ನನಗೆ ತಿಳಿಯಿತು.

ಉಕ್ಕೋ ಅಲ್ಯೂಮಿನಿಯಮ್ಮೋ ಎಂಬ ಚರ್ಚೆಗೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ಮೈಗೆ ಆರಾಮ ಕೊಡುವುದು ಹೆಚ್ಚಾಗಿ ಟೈರಿನ ಗಾಳಿ. 32 ಮಿಲಿಮೀಟರ್ ಅಗಲದ ಟೈರೂ ಅದರ ಮೇಲೆ ಮಡ್‌ಗಾರ್ಡೂ ಹಿಡಿಸುವ ಜಾಗವಿದ್ದರೆ ಉಳಿದದ್ದನ್ನು ಟೈರೇ ನೋಡಿಕೊಳ್ಳುತ್ತದೆ. 23ರ ಟೈರಷ್ಟೇ ಹಿಡಿಸುವ ಫ್ರೇಮು ಎಷ್ಟು ಅಗ್ಗವಾದರೂ ಬೇಡ.

ಹಿಂದಿನ ಸೀಳು ಅಡ್ಡಡ್ಡವಾಗಿರಬೇಕು. ಗೇರು ಬದಲಿಸುವ ಸಲಕರಣೆ ಇಲ್ಲದಿರುವುದರಿಂದ ಚೈನನ್ನು ಬಿಗಿಮಾಡಲು ಚಕ್ರವನ್ನೇ ಹಿಂದಕ್ಕೆ ಎಳೆಯಬೇಕಾಗುತ್ತದೆ. ಸೀಳು ನೇರ ಕೆಳಮುಖವಾಗಿದ್ದರೆ ಚಕ್ರ ಸರಿಯುವುದಿಲ್ಲ, ಚೈನು ಎಳೆದು ಹಿಡಿಯುವ ತೋಳೊಂದನ್ನು ಬೇರೆ ಹಾಕಿಸಬೇಕು. ಚೈನಿನ ನಡುಭಾಗವನ್ನು ಬೆರಳಿನಿಂದ ಒತ್ತಿದಾಗ ಒಂದು ಸೆಂಟಿಮೀಟರಿನಷ್ಟು ಆಡಿದರೆ ಹದ ಸರಿ.

ಈಗ ಗೇರು. ಅಂಗಡಿಯಿಂದ ಬಂದಾಗ ನನ್ನ ಈಗಿನ ಸೈಕಲ್ಲಿನ ಮುಂದೆ 46 ಹಲ್ಲು, ಹಿಂದೆ 16. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು 6.2 ಮೀಟರ್ ಹೋಗುತ್ತಿತ್ತು. ಸಮತಟ್ಟಿನಲ್ಲಿ ಸುಖವೇ, ಏರಿನಲ್ಲಿ ಮಂಡಿ ಕೂಗುತ್ತಿತ್ತು. ಹಿಂದಿನದನ್ನು 18 ಹಲ್ಲಿಗೆ ಬದಲಿಸಿದೆ. ಈಗ ಸುತ್ತಿಗೆ 5.5 ಮೀಟರ್, ನಿಮಿಷಕ್ಕೆ 75 ಸುತ್ತು ತುಳಿದರೆ ಗಂಟೆಗೆ 25 ಕಿಲೋಮೀಟರಿನ ಹತ್ತಿರ. ಅದಕ್ಕಿಂತ ವೇಗ ನನಗೆ ಬೇಕಿಲ್ಲ. ಎರಡು ಹಲ್ಲು ಹೆಚ್ಚಿದ್ದಕ್ಕೆ ಆಕ್ಸಲ್ ಸುಮಾರು 6 ಮಿಲಿಮೀಟರ್ ಮುಂದೆ ಸರಿಯಿತು, ಸೀಳು ಉದ್ದವಿದ್ದುದರಿಂದ ಹಳೆಯ ಚೈನೇ ಸಾಕಾಯಿತು. ಹಳೆಯ ಫ್ರೀವೀಲ್ (ತುಳಿಯುವುದನ್ನು ನಿಲ್ಲಿಸಿದರೂ ಚಕ್ರ ಓಡಲು ಬಿಡುವ ಹಿಂದಿನ ಹಲ್ಲುಚಕ್ರ) ತುಳಿತುಳಿದೇ ಬಿಗಿದುಕೊಂಡಿರುತ್ತದೆ, ಬಿಚ್ಚಲು ಅದರದೇ ಉಪಕರಣ ಬೇಕು; ರಿಪೇರಿಯವರಿಗೇ ಕೊಡಿ.

ಕೆಲವು ಸೈಕಲ್ಲುಗಳ ಹಿಂಚಕ್ರದ ಒಂದು ಬದಿಯಲ್ಲಿ ಫ್ರೀವೀಲ್, ಇನ್ನೊಂದು ಬದಿಯಲ್ಲಿ ಸ್ಥಿರ ಹಲ್ಲುಚಕ್ರ ಇರುತ್ತದೆ. ಚಕ್ರವನ್ನು ತಿರುಗಿಸಿ ಹಾಕಬಹುದು. ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆಯಲ್ಲಿ ಗೇರು ಬದಲಿಸುವ ಸಲಕರಣೆಯಾದ ಡಿರೇಲರ್‌ಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಅದಕ್ಕೆ ಮೊದಲು ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹೀಗೆಯೇ ಚಕ್ರ ತಿರುಗಿಸಿ ಇನ್ನೊಂದು ಬದಿಯ ಹಗುರ ಗೇರಿಗೆ ಬರುತ್ತಿದ್ದರು. ಸ್ಥಿರ ಗೇರಿನಲ್ಲಿ ಚಕ್ರ ಓಡುವವರೆಗೂ ಪೆಡಲ್ ನಿಲ್ಲುವುದಿಲ್ಲ. ಆರಾಮ ಬೇಕೆಂದು ಹುಡುಕುವವರಿಗೆ ಫ್ರೀವೀಲೇ ಸರಿ, ಜೊತೆಗೆ ಎರಡೂ ಬ್ರೇಕು ಬೇಕು. ಫ್ರೇಮಿನಲ್ಲೂ ಫೋರ್ಕಿನಲ್ಲೂ ಬ್ರೇಕಿನ ತೂತಿದೆಯೇ ಎಂದು ಬಗ್ಗಿ ನೋಡಿ.

ಹಳೆಯ ಸೈಕಲ್ ಆದರೆ ಸೀಟಿನ ಕೊಳವೆ ತುಕ್ಕಿಗೆ ಅಂಟಿಕೊಂಡಿದೆಯೇ, ಫೋರ್ಕ್ ಹಿಂದಕ್ಕೆ ಬಾಗಿದೆಯೇ, ಪೆಡಲಿನ ತೋಳು ಪಕ್ಕಕ್ಕೆ ಅಲುಗಾಡುತ್ತದೆಯೇ ನೋಡಿ. ಚೈನಿನ ಹನ್ನೆರಡು ಜೋಡಿ ಕೊಂಡಿಗಳು ಹೊಸದರಲ್ಲಿ ಸರಿಯಾಗಿ 12 ಅಂಗುಲ. ಅಂಗುಲದ ಎಂಟನೆಯ ಒಂದು ಭಾಗ ಹಿಗ್ಗಿದ್ದರೆ ಚೈನಿನ ಆಯುಷ್ಯ ಮುಗಿದಿದೆ, ಬೆಲೆಯಲ್ಲಿ ಅದನ್ನು ಕಳೆಯಿರಿ.

ಕೊಳ್ಳುವ ಮುಂಚೆ ಕಾಲು ಗಂಟೆಯಾದರೂ ಓಡಿಸಿ. ಮೊದಲ ಎರಡು ನಿಮಿಷ ಎಲ್ಲ ಸೈಕಲ್ಲೂ ಚೆನ್ನಾಗಿಯೇ ಇರುತ್ತದೆ. ಮೊಣಕೈ ಸಡಿಲವಾಗಿ ಬಾಗಿರಬೇಕು. ಖಾಲಿ ಜಾಗದಲ್ಲಿ, ತುಳಿಯುತ್ತಲೇ ಅಂಗೈಯ ಭಾರವನ್ನು ಒಂದು ಕ್ಷಣ ಹ್ಯಾಂಡಲಿನಿಂದ ತೆಗೆಯಿರಿ. ಮೈ ಮುಂದಕ್ಕೆ ಮುಗ್ಗರಿಸಿದರೆ ಸೀಟು ಮುಂದಕ್ಕೆ ವಾಲಿರಬಹುದು, ಇಲ್ಲವೇ ಹ್ಯಾಂಡಲ್ ದೂರ ಅಥವಾ ತಗ್ಗಾಗಿರಬಹುದು. ಮೊದಲು ಸೀಟನ್ನು ಮಟ್ಟ ಮಾಡಿ ಮತ್ತೆ ನೋಡಿ.

ಹಳದಿ ಸೈಕಲ್ ಈಗ ಅಕ್ಕನ ಮಗನ ಬಳಿ ಇದೆ. ಅವನ ಅಂಗಿಯ ತೋಳಿಗೆ ನನ್ನದಕ್ಕಿಂತ ಏಳು ಸೆಂಟಿಮೀಟರ್ ಹೆಚ್ಚು ಬಟ್ಟೆ ಬೇಕು. ಅವನಿಗೆ ಅದರಲ್ಲಿ ಯಾವ ಜೋಮೂ ಇಲ್ಲ.